ಓಜೆಲ್ಲಾಳ ಗಂಟಲು

"ಆ ಡಬ್ಬಾನ ಮೊದ್ಲು ಎತ್ತಯ್ಯ ಅಲ್ಲಿಂದ. ಅದು ಹೂವಿಡೋ ಜಾಗ" ಎನ್ನುತ್ತ ಮುದುಕ ಥೀರನ್ ಗ್ಯಾಡಿಸ್ ಕರಿಯರ ಚರ್ಚಿನ ಮೇಜಿನ ಮೇಲಿದ್ದ ಗ್ರಾಮಫೋನನ್ನು ಊರುಗೋಲಿನಿಂದ ತಿವಿದ.

ಹಾಲ್ವರ್ಸನ್ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡ. ಹಳೇ ಜಾಜ್ ತಟ್ಟೆಗಳನ್ನು ಗುಡ್ಡೆ ಹಾಕಿಕೊಂಡು ಅವುಗಳ ಮೇಲೆ ಪುಸ್ತಕ ಬರೆಯುವ ಬಿಳಿಯ ಅವನು. ಹಾಡುಗಾತಿ ಓಜೆಲ್ಲಾ ಪ್ರೂಯಿಟ್‌ಳ ವಿಳಾಸ ಹುಡುಕಿಕೊಂಡು ಕ್ಯಾನ್ಸಸ್ ಸಿಟಿಗೆ ಬಂದಿಳಿಯುವ ಹೊತ್ತಿಗೆ ಅವಳು ಸತ್ತು ನಾಲ್ಕು ದಿನವಾಗಿತ್ತು. ಆದರೂ ಮಹರಾಯನ ಮುಖದಲ್ಲಿ ನಿಧಿ ಸಿಕ್ಕವನ ಕಳೆ.

"ಪಾಸ್ಟರ್ ಒಪ್ಪಿದಾರೆ ಸರ್. ಈ ತಟ್ಟೆಯಲ್ಲಿರೋದು ನಲವತ್ತೇಳು ವರ್ಷದಿಂದ ಯಾರೂ ಕೇಳದೇ ಇರೋ ಧ್ವನಿ."

"ಯಾರೂ ಕೇಳಿಲ್ವಾ? ಅವಳ ಪಕ್ಕ ಪಿಯಾನೋ ಬಾರಿಸಿದೋನು ನಾನು. ನನಗೇನು ಕಿವುಡಾ?"

ಬಾಯ್ಜೋರೇನೋ ಸರಿ. ಆದರೆ ಆ ತಟ್ಟೆಯ ಮೇಲೆ ಏನಿದೆ ಎಂಬುದು ಬದುಕಿದ್ದವರಲ್ಲಿ ಥೀರನ್ ಒಬ್ಬನಿಗೇ ಗೊತ್ತಿತ್ತು.

ಗಾಯಕವೃಂದದ ಯಜಮಾನಿ ಸಿಸ್ಟರ್ ಕ್ಲೋಟೀಲ್ ಶವಪೆಟ್ಟಿಗೆಯ ಮುಂದೆ ಬೀಸಣಿಗೆ ಆಡಿಸುತ್ತ ಕೂತಿದ್ದಳು. "ಬ್ರದರ್ ಥೀರನ್, ಇವತ್ತಾದ್ರೂ ಜಗಳ ಬೇಡಪ್ಪ. ಓಜೆಲ್ಲಾ ನಮ್ಮ ವೃಂದದ ರತ್ನ ಆಗಿದ್ಲು."

"ರತ್ನಾನಾ? ಗಂಡಸರ ಸಾಲಿನ ಹಿಂದೆ ನಿಲ್ಸಿ, ಬರೀ ಬಾಯಾಡಿಸು, ದನಿ ತೆಗೀಬೇಡ ಅಂದೋರು ಯಾರಮ್ಮ? ಮೂವತ್ತು ವರ್ಷ ಬಾಯಾಡಿಸಿದ್ಲು ಪಾಪ, ಮೀನಿನ ಥರ."

ಕ್ಲೋಟೀಲ್ ಮೂತಿ ತಿರುಗಿಸಿದಳು. ಬೀಸಣಿಗೆಯ ವೇಗ ಹೆಚ್ಚಾಯಿತು.

*

ಸಾವಿರದ ಒಂಬೈನೂರ ನಲವತ್ತೊಂದು. ಓಜೆಲ್ಲಾಳಿಗೆ ಇಪ್ಪತ್ತೆರಡು, ಥೀರನ್‌ಗೆ ಇಪ್ಪತ್ತೈದು. ಅವಳು ಬಾಯಿ ತೆಗೆದರೆ ಹದಿನೆಂಟನೇ ಬೀದಿಯ ಕುಣಿತದ ಮನೆಗಳಲ್ಲಿ ಮೇಜಿನ ಮೇಲಿನ ಗ್ಲಾಸು ಅದುರುತ್ತಿತ್ತು. ಅಂಥ ತುಂಬಿದ, ತಗ್ಗಿನ ಗಂಟಲು.

ರೆಕಾರ್ಡಿಂಗ್ ಕೋಣೆಯಲ್ಲಿ ಯಂತ್ರದವನು ಥೀರನ್ ಕಿವಿಯಲ್ಲಿ ಹೇಳಿದ: "ಈ ಗಂಡುಗಂಟಲು ಯಾರಿಗೆ ಬೇಕು? ಹಾಡು ಕೊರೆಯೋವಾಗ ತಟ್ಟೇನ ನಿಧಾನ ತಿರುಗಿಸ್ತೀನಿ. ಜನ ಹಾಕ್ಕೊಂಡಾಗ ಜೋರಾಗಿ ತಿರುಗುತ್ತೆ, ಹದಿನಾರರ ಹುಡುಗಿ ಆಗ್ತಾಳೆ. ಅವಳಿಗೆ ಹೇಳ್ಬೇಡ. ಲೇಬಲ್ ಮೇಲೆ ನಿನ್ನ ಹೆಸರು ಇರುತ್ತೆ."

ಥೀರನ್ ಹೇಳಲಿಲ್ಲ.

ತಟ್ಟೆ ಬಂದಾಗ ಪಿಯಾನೋ ಅವನು ಬಾರಿಸಿದ್ದಕ್ಕಿಂತ ನಾಲ್ಕೈದು ಸ್ವರ ಮೇಲಿತ್ತು. ಓಜೆಲ್ಲಾ ಇಲಿಮರಿಯ ಹಾಗೆ ಕೀಚಲು ದನಿಯಲ್ಲಿ ಹಾಡುತ್ತಿದ್ದಳು. ಲೇಬಲ್ ಮೇಲೆ ಥೀರನ್ ಹೆಸರು ಮಾತ್ರ ಇತ್ತು, ಅವಳ ಹೆಸರೇ ಇರಲಿಲ್ಲ.

"ಲೋ ಥೀರನ್, ನನ್ನ ಗಂಟಲು ಹೀಗಿದೆಯೇನೋ?"

"ಯಂತ್ರದ ಕಿವಿಗೆ ಹಾಗೆ ಕೇಳ್ಸುತ್ತೇನೋ" ಎಂದುಬಿಟ್ಟ ಅವನು.

ಆ ತಟ್ಟೆ ಕೇಳಿ ಓಮಾಹಾ ಊರಿನ ಕುಣಿತದ ಮನೆಯೊಂದರಿಂದ, ಹಾಡಿದ ಹುಡುಗಿ ಬೇಕೆಂದು ಥೀರನ್‌ಗೆ ಕರೆ ಬಂತು. ಹೋದಳು. ಮೊದಲ ಹಾಡು ಮುಗಿಯುವ ಮುನ್ನವೇ ಅಲ್ಲಿನ ಮಾಲೀಕ, "ರೆಕಾರ್ಡಿನ ಹುಡುಗಿ ಎಲ್ಲಿ? ಇವಳ್ಯಾರು?" ಎಂದು ನಾಲ್ಕು ಜನರೆದುರು ವೇದಿಕೆಯಿಂದ ಇಳಿಸಿ ಕಳಿಸಿದ. ವಾಪಸು ಬಂದವಳು ಲಾಂಡ್ರಿ ಸೇರಿಕೊಂಡಳು. ಹಬೆಯಲ್ಲಿ ಬೆಂದು ಬೆಂದು ಮೂವತ್ತೆಂಟು ವರ್ಷ ಊರವರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದಳು. ತನ್ನ ಗಂಟಲಲ್ಲೇ ಏನೋ ಐಬಿದೆ ಎಂದು ಕೊನೆಯವರೆಗೂ ನಂಬಿದ್ದಳು.

*

ಹಾಲ್ವರ್ಸನ್ ಮೈಕು ಹಿಡಿದು, "ಮುಗ್ಧ, ಎಳೆಯ, ಹಕ್ಕಿಮರಿಯಂಥ ಧ್ವನಿ" ಎಂದು ಕೊರೆದ. ಥೂ! ಇಂಥ ಕಿವಿ ಇಟ್ಟುಕೊಂಡು ಪುಸ್ತಕ ಬೇರೆ ಬರೆಯುತ್ತಾನೆ.

ಸೂಜಿ ಇಳಿಯಿತು. ಕೀಚಲು ಹಾಡು ಶುರುವಾಯಿತು. "ಅಯ್ಯೋ, ಎಷ್ಟು ಮುದ್ದಾಗಿದೆ!" ಎಂದು ಕ್ಲೋಟೀಲ್ ಕಣ್ಣೊರೆಸಿಕೊಂಡಳು. ಪಾಸ್ಟರ್ ತಲೆದೂಗಿದರು.

ಥೀರನ್ ಶವಪೆಟ್ಟಿಗೆಯ ಕಡೆ ನೋಡಿದ. ಅಲ್ಲಿಯೂ ಓಜೆಲ್ಲಾ ಬಾಯಿ ಮುಚ್ಚಿಕೊಂಡೇ ಮಲಗಿದ್ದಳು. ಈ ಇಲಿಮರಿಯನ್ನೇ ಅವಳೆಂದುಕೊಂಡು ಇವರೆಲ್ಲ ಊಟಕ್ಕೆ ಏಳುತ್ತಾರೆ. ನಾಳೆ ಅದೇ ಪುಸ್ತಕದಲ್ಲೂ ಬರುತ್ತದೆ.

ಅವನು ಎದ್ದು ಕುಂಟುತ್ತ ಮೇಜಿನ ಬಳಿ ಹೋದ. ವಾತದಿಂದ ಸೊಟ್ಟಗಾದ ತೋರುಬೆರಳನ್ನು ತಿರುಗುವ ತಟ್ಟೆಯ ಅಂಚಿಗೆ ಒತ್ತಿದ.

"ಏನ್ ಮಾಡ್ತಿದೀರಾ? ತಟ್ಟೆ ಹಾಳಾಗುತ್ತೆ! ಇಡೀ ದೇಶದಲ್ಲಿ ಇದೊಂದೇ ಉಳಿದಿರೋದು!" ಎಂದು ಹಾಲ್ವರ್ಸನ್ ಚೀರಿದ.

"ಬಾಯ್ಮುಚ್ಚು. ಇದು ಅವಳ ದನಿಯಲ್ಲ. ಮೋಸ ಮಾಡಿ ಹೀಗೆ ಕೊರೆದ್ರು. ನನಗೆ ಅವತ್ತೇ ಗೊತ್ತಿತ್ತು. ನನ್ನ ಹೆಸರಿನಾಸೆಗೆ ಸುಮ್ನಿದ್ದೆ. ಅವಳು ಕೇಳಿದಾಗಲೂ ಸುಳ್ಳು ಹೇಳ್ದೆ."

ತಟ್ಟೆ ನಿಧಾನವಾಯಿತು. ಕೀಚಲು ಇಳಿಯಿತು, ಇನ್ನೂ ಇಳಿಯಿತು. ಬೆರಳು ನಡುಗಿದಾಗ ದನಿಯೂ ನಡುಗಿತು. ಅವನು ಇನ್ನೊಂದು ಕೈಯಿಂದ ಮಣಿಕಟ್ಟನ್ನು ಬಿಗಿಹಿಡಿದ. ಆಗ ಬಂದಳು ಓಜೆಲ್ಲಾ. ತುಂಬಿದ, ತಗ್ಗಿನ ಗಂಟಲು ಬೆಂಚುಗಳ ಕೆಳಗಿಂದ ಏರಿಬಂತು. ವೃಂದದ ಹಿಂದಿನ ಸಾಲಿನಲ್ಲಿದ್ದ ಮುದುಕರು ತಲೆ ಎತ್ತಿದರು. ಕ್ಲೋಟೀಲ್‌ಳ ಬೀಸಣಿಗೆ ನಿಂತಿತು.

ಹಾಡು ಮುಗಿಯಿತು. ಸೂಜಿ ಬರಿದೇ ಕೆರೆಯುತ್ತಿತ್ತು. ಥೀರನ್ ಬೆರಳು ತೆಗೆಯಲಿಲ್ಲ.