ಎದುರು ಕೂತವನು ಮಾಡಿದ ಮೇಜು

ಕೂದಲು, ಮತ್ತೆ ಕೂದಲು, ಬ್ರಶ್ಶಿನದೇ, ಡ್ರಾಯರಿನ ಮುಖದ ಮೇಲೆ ಹಸಿ ಬಣ್ಣದ ನಟ್ಟನಡುವೆ ಹಾಯಾಗಿ ಮಲಗಿದೆ, ಉಗುರಿನಲ್ಲಿ ಎತ್ತಿದರೆ ಗೀರು ಬೀಳುತ್ತದೆ, ಬಿಟ್ಟರೆ ಜೀವಮಾನವಿಡೀ ಅಲ್ಲೇ ಇರುತ್ತದೆ — ಥೂ, ಆ ಅಂಗಡಿಯವನ ಬಾಯಿಗೆ ಮಣ್ಣು ಹಾಕ, ತಗೊಳ್ಳಿ ಸಾರ್ ಈ ಬ್ರಶ್ಶು, ಒಂದೇ ಒಂದು ಕೂದಲು ಉದುರಿದ್ರೆ ಬಂದು ನನ್ನ ಕೇಳಿ ಅಂದಿದ್ದ, ಕೇಳೋಣವೆಂದರೆ ಇವತ್ತು ಅಂಗಡಿಗೆ ರಜ. ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಅವನು ಉಸಿರು ಬಿಗಿಹಿಡಿದು ಬಗ್ಗಿದ, ಥಿನ್ನರಿನ ಘಾಟು ಮೂಗಿಗೆ ಅಡರಿತು, ಸೀನಬಾರದು, ಸೀನಬಾರದು, ಸೀನಿದ, ಕೂದಲು ಇದ್ದಲ್ಲೇ ಇದೆ, ಪಕ್ಕದಲ್ಲಿ ಈಗ ತುಂತುರು ಬೇರೆ. ಲಿಫ್ಟ್ ರಿಪೇರಿಯವನು ಅವನು, ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಡದವನು, ಅಂಥವನನ್ನು ಹಂದಿಯದೋ ಪ್ಲಾಸ್ಟಿಕ್ಕಿನದೋ ಒಂದು ಕೂದಲು ಹೀಗೆ ಆಟ ಆಡಿಸುವುದೇ, ಕರ್ಮ, ಇದಕ್ಕೆಲ್ಲ ಕಾರಣ ಆ ರಾತ್ರಿಯ ಊಟ — ಊಟದ ಮೇಜಿನ ತುಂಬ ಹೆಂಡತಿಯ ಹಾಳೆಗಳು, ಕಾನೂನು ಪರೀಕ್ಷೆಗೆ ಬರೆದು ಬರೆದು ಅಭ್ಯಾಸ, ಮಗಳು ಕಾಲೇಜು ಮುಗಿಸುವ ಹೊತ್ತಿಗೆ ಅಮ್ಮನ ಓದು ಶುರು, ಓದಲಿ, ಬೇಡ ಅಂದವರಾರು, ಅವನಿಗೆ ಹಸಿವು, ಹಾಳೆಗಳನ್ನು ಗುಡ್ಡೆ ಮಾಡಿ ಎತ್ತಿಟ್ಟ, ಅಷ್ಟೇ, ಶಾಯಿ ಇನ್ನೂ ಹಸಿ ಅಂತ ಯಾರಿಗೆ ಗೊತ್ತು, ಉತ್ತರಗಳೆಲ್ಲ ಒಂದಕ್ಕೊಂದು ಕಲಸಿಹೋದವು. ಇಷ್ಟು ವರ್ಷ ನನ್ನ ಎದುರಿಗೇ ಕೂತು ಉಂಡಿದೀರಲ್ರೀ, ಒಂದು ದಿನವಾದ್ರೂ ಕಣ್ಣು ಬಿಟ್ಟು ನನ್ನ ನೋಡಿದೀರಾ? ಕಿರುಚಲಿಲ್ಲ, ಕಿರುಚಿದ್ದರೆ ಅವನೂ ಕಿರುಚಿ ಅಲ್ಲಿಗೆ ಮುಗಿಸುತ್ತಿದ್ದ, ಮೆಲ್ಲಗೆ ಕೇಳಿದಳು, ಕೈ ತೊಳೆಯಲು ಸಿಂಕಿನ ಮುಂದೆ ನಿಂತಳು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಕೈಯಂಚಿಗೆಲ್ಲ ನೀಲಿ, ಉಜ್ಜಿದಳು, ಹೋಗಲಿಲ್ಲ, ಬೆಳಿಗ್ಗೆ ಎದ್ದು ಅಕ್ಕನ ಮನೆಗೆ ಹೊರಟೇಹೋದಳು. ನೋಡಿಲ್ಲವಂತೆ! ಹಾಗಾದರೆ ಇಷ್ಟು ವರ್ಷ ಅವನು ಗೋಡೆಯನ್ನು ನೋಡಿಕೊಂಡು ಉಂಡನೇ?

ನೋಡಿದ್ದೇನೆ ಕಣೇ ಅನ್ನುವುದಕ್ಕೇ, ಅವಳು ಕೂತು ಬರೆಯಲೆಂದೇ ಈ ಮೇಜು, ಅಂಗಡಿಯಿಂದ ತಂದದ್ದಲ್ಲ, ಪ್ಲೈವುಡ್ ಕತ್ತರಿಸಿ, ಪುಟ್ಟಿ ಮೆತ್ತಿ, ಪ್ರೈಮರ್ ಹೊಡೆದು, ಉಜ್ಜಿ, ಬಳಿದು, ಮತ್ತೆ ಉಜ್ಜಿ, ಬಣ್ಣ ಅಂಚಿನಿಂದ ಕಣ್ಣೀರಿನ ಹಾಗೆ ಇಳಿದು ಗಟ್ಟಿಯಾದದ್ದನ್ನು ಕೆರೆದು ತೆಗೆದು, ಕೆರೆದಲ್ಲಿ ಗುಳಿ ಬಿದ್ದು, ಗುಳಿಗೆ ಮತ್ತೆ ಪುಟ್ಟಿ, ಮಟ್ಟ ನೋಡಲು ರಸಮಟ್ಟ ಇಟ್ಟರೆ ಅದರೊಳಗಿನ ಗುಳ್ಳೆ ನಡುವಿಗೆ ಬರಲೊಲ್ಲದು, ಒಂದು ಕಾಲು ಗಿಡ್ಡ, ಅದನ್ನು ಸರಿಮಾಡಿದರೆ ಇನ್ನೊಂದು ಉದ್ದ, ಕೊನೆಗೆ ಶೆಡ್ಡಿನ ನೆಲವೇ ಸೊಟ್ಟ ಅಂತ ಗೊತ್ತಾದಾಗ ಅವನು ರಸಮಟ್ಟವನ್ನು ಬೀಸಿ ಎಸೆಯುವುದೊಂದು ಬಾಕಿ. ಎಲ್ಲ ನೋಡಿಕೊಂಡೇ ಮಾಡಿದ್ದಾನೆ, ಒಂದು ಕಾಲು ಮಡಿಸಿಕೊಂಡು ಕೂರುತ್ತಾಳೆ, ಅದಕ್ಕೇ ಕೆಳಗೆ ಅಷ್ಟು ಜಾಗ, ಕೈಗೆ ಶಾಯಿ ಹತ್ತಿಸಿಕೊಂಡು ಸಿಕ್ಕಸಿಕ್ಕಲ್ಲಿ ಮೆತ್ತುತ್ತಾಳೆ, ಟವೆಲ್ಲಿಗೆ, ಬಾಗಿಲ ಪಟ್ಟಿಗೆ, ಒಮ್ಮೆ ಅವನ ಬಿಳಿ ಅಂಗಿಗೆ, ಅದಕ್ಕೇ ನೀಲಿ ಬಣ್ಣ, ಮೆತ್ತಿದರೂ ಕಾಣಬಾರದು. ಊಟದ ಮೇಜಿನಲ್ಲಿ ಬರೆಯುವಾಗ ಪೆನ್ನು ಹಿಡಿದ ಕೈ ಈ ಕಡೆ, ಫ್ರಿಜ್ಜಿನ ಕಡೆ, ಕಣ್ಣು ಮುಚ್ಚಿದರೂ ಕಾಣುತ್ತದೆ, ಬಲಕ್ಕೆ, ಅದಕ್ಕೇ ಡ್ರಾಯರುಗಳು ಬಲಮಗ್ಗುಲಿಗೆ, ಟೇಬಲ್ ಲ್ಯಾಂಪು ಎಡಗಡೆ ಮೂಲೆಗೆ, ಕೈಯ ನೆರಳು ಹಾಳೆಯ ಮೇಲೆ ಬೀಳಬಾರದಲ್ಲ, ವಯರು ಇಳಿಬಿಡಲು ಅಲ್ಲೇ ಒಂದು ತೂತು, ದುಂಡಗೆ, ಒಂದು ಚೂರೂ ಸಿಬಿರೇಳದ ಹಾಗೆ ಕೊರೆದದ್ದು, ಇಡೀ ಮೇಜಿನಲ್ಲಿ ಅವನಿಗೆ ಬೈಗುಳ ತರಿಸದ ಕೆಲಸ ಅದೊಂದೇ. ಅಪ್ಪಾ, ಮಗಳು ಕಿಟಕಿಯಿಂದ ಕೂಗಿದಳು, ಅಮ್ಮ ಬಸ್ಸಿಳಿದ್ಲಂತೆ, ನಡ್ಕೊಂಡು ಬರ್ತಿದಾಳೆ, ಉಳಿದ ಪುಸ್ತಕ ತಗೊಂಡು ಹಾಗೇ ವಾಪಸ್ ಹೋಗ್ತಾಳಂತೆ, ದೊಡ್ಡಮ್ಮನ ಮನೆಯಿಂದ್ಲೇ ಪರೀಕ್ಷೆ ಬರೀತಾಳಂತೆ. ಮೇಜಿನ ವಿಷಯ ಹೇಳಿದ್ಯಾ? ಇಲ್ಲಪ್ಪಾ, ನೀನೇ ಹೇಳ್ಬೇಡ ಅಂದಿದ್ದೆ, ಅಲ್ಲಪ್ಪಾ, ಅದು ಒಣಗಿದ್ಯಾ? ಒಣಗುತ್ತೆ, ನೀನು ಒಳಗೆ ಹೋಗು ಮಾರಾಯ್ತಿ. ಪರೀಕ್ಷೆ ಅಲ್ಲಿಂದ ಅಂದಮೇಲೆ ಆಮೇಲಿನದೂ ಅಲ್ಲಿಂದಲೇ, ಅವನಿಗೆ ಅಷ್ಟು ಅರ್ಥವಾಗದೆ ಇಲ್ಲ, ಅವಳು ಇದನ್ನು ನೋಡಬೇಕು, ನೋಡಿ ಇದರ ಮುಂದೆ ಕೂರಬೇಕು, ಕೂತರೆ ಉಳಿಯುತ್ತಾಳೆ.

ಸಾಕು, ಆ ಕೂದಲು ಅಲ್ಲೇ ಬಿದ್ದು ಸಾಯಲಿ. ಮೇಲ್ಮೈ ನೋಡಿದ, ಒಣಗಿದೆ, ಅಂಟುವುದಿಲ್ಲ, ಲ್ಯಾಂಪಿನ ವಯರನ್ನು ತೂತಿನಲ್ಲಿ ಇಳಿಬಿಟ್ಟ, ಹೊತ್ತಿಸಿದ, ಕುರ್ಚಿ ಎಳೆದು ಕೂತ, ಹಾ, ಬೆಳಕು ಎಡದಿಂದ, ಕೈ ಬಲಕ್ಕೆ, ಕೈಚಾಚಿದರೆ ಡ್ರಾಯರು, ಎಷ್ಟು ಆರಾಮ, ಇನ್ನೇನು ಬೇಕು ಇವಳಿಗೆ. ಅವಳು ಬಿಟ್ಟುಹೋದ ನೀಲಿ ಪೆನ್ನು ಜೇಬಿನಲ್ಲೇ ಇತ್ತು, ಹಾಳೆಯೊಂದನ್ನು ಎಳೆದುಕೊಂಡು ಬರೆದ, ನೋಡು, ನೋಡಿದೀನಿ, ಬರೆದದ್ದು ಚೆನ್ನಾಗಿ ಕಂಡಿತು, ಇನ್ನೊಂದು ಸಾಲೂ ಬರೆದ, ಕೈಯಂಚನ್ನು ತಿರುಗಿಸಿ ನೋಡಿಕೊಂಡ, ಶಾಯಿ ಹತ್ತಿರಬೇಕಲ್ಲ, ಇಲ್ಲ, ಏನೂ ಇಲ್ಲ, ಥಿನ್ನರಿನಲ್ಲಿ ಒರೆಸಿದ ಕೈ ಒರೆಸಿದ ಹಾಗೇ ಇದೆ. ಅದೇ ಪೆನ್ನು, ಅದೇ ಶಾಯಿ, ಅವಳ ಕೈಗೆ ಮಾತ್ರ ಯಾಕೆ ಹತ್ತುತ್ತಿತ್ತು, ತನ್ನ ಕೈ ಪೆನ್ನಿನ ಮುಂದೆ ಮುಂದೆ ಹೋಗುತ್ತದೆ, ಬರೆದದ್ದರ ಮೇಲೆ ಹಾಯುವುದೇ ಇಲ್ಲ, ಅವಳದು ಬರೆದದ್ದರ ಮೇಲೆಯೇ, ಹಿಂದಿನಿಂದ, ಎಡದಿಂದ — ಅಯ್ಯೋ. ಅಯ್ಯೋ ದೇವರೇ. ಎಡಗೈ. ಊಟ, ಕತ್ತರಿ, ಸೌಟು, ಎಲ್ಲ ಬಲಗೈ, ಚಿಕ್ಕಂದಿನಲ್ಲಿ ಬೈದು ಬೈದು ತಿದ್ದಿದರಂತೆ, ಬರೆಯೋದೊಂದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ ರೀ ಅಂದಿದ್ದಳು, ಮದುವೆಯಾದ ಹೊಸತರಲ್ಲಿ, ನಗುತ್ತಾ, ಅವನಿಗೇ ಹೇಳಿದ್ದಳು, ಅವನೂ ನಕ್ಕಿದ್ದ. ಫ್ರಿಜ್ಜಿನ ಕಡೆಯ ಕೈ, ಅವನ ಬಲಕ್ಕೆ, ನಿಜ, ಅವನು ಕೂತದ್ದು ಎದುರಿಗೆ, ಎದುರಿಗೆ ಕೂತವನ ಬಲ ಅವಳ ಎಡ, ಒಂದು ದಿನ, ಒಂದೇ ಒಂದು ದಿನ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು, ಈ ಡ್ರಾಯರು ಅವಳಿಗಲ್ಲ, ಈ ಲ್ಯಾಂಪು ಅವಳ ಕೈಯ ನೆರಳನ್ನು ಅವಳ ಹಾಳೆಯ ಮೇಲೇ ಕೆಡವುತ್ತದೆ, ಇಷ್ಟು ದಿನ ಬೈದುಕೊಂಡು ಉಜ್ಜಿ ಬಳಿದು ಅವನು ತನಗೇ ಒಂದು ಮೇಜು ಮಾಡಿಕೊಂಡಿದ್ದಾನೆ. ತೂತನ್ನು ಪುಟ್ಟಿ ಹಾಕಿ ಮುಚ್ಚಲೇ, ಲ್ಯಾಂಪು ಎತ್ತಿ ಆಚೆ ಇಡಲೇ, ತಿರುಗಿಸಿ ಇಟ್ಟರೆ ಡ್ರಾಯರು ಗೋಡೆಗೆ ಮುಖ ಮಾಡುತ್ತದೆ, ಹಾಳೆಯಲ್ಲಿ ನೋಡಿದೀನಿ ಅಂತ ಬರೆದದ್ದು ಅವನನ್ನೇ ನೋಡುತ್ತಿದೆ, ಗೇಟಿನ ಚಿಲಕ ಸದ್ದಾಯಿತು, ಶೆಡ್ಡಿನ ನೇರಕ್ಕೇ ಗೇಟು, ಅವಳು ಎದುರಿನಿಂದ ಬರುತ್ತಿದ್ದಾಳೆ, ಪುಸ್ತಕಕ್ಕೆಂದು ತಂದ ಖಾಲಿ ಚೀಲ ಒಂದು ಕೈಯಲ್ಲಿ, ಚಿಲಕ ಎತ್ತಿದ್ದು ಇನ್ನೊಂದು ಕೈ, ಅವನ ಬಲಕ್ಕಿರುವ ಕೈ, ಅವಳ ಎಡಗೈ, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ನೀಲಿ, ಅಂಚಿಗೆಲ್ಲ ನೀಲಿ, ಎಡಗೈ, ನೀಲಿ —