ಕುಂಕುಮ ಹಚ್ಚಿದ ಬಾಯಿ

ನಾನು ಒಂದು ಎಲೆಕ್ಟ್ರಿಕ್ ಗಿಟಾರ್. ನಾನು ಹುಟ್ಟಲು ಆದ ಖರ್ಚು ಇಷ್ಟು: ಸಾಗವಾನಿ ಕಪಾಟಿನ ಒಂದು ಬಾಗಿಲು, ಒಂದು ಇಡೀ ಮಳೆಗಾಲದ ಸಂಜೆಗಳು, ಎಮಿಲಿಯಮ್ಮನ ಸಿಟ್ಟು. ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಸಿಪ್ರಿಯನ್ ತನ್ನ ಹೆಂಡತಿ ಎಮಿಲಿಯಮ್ಮನ ಕಪಾಟಿನ ಬಾಗಿಲು ಬಿಚ್ಚಿ ನನ್ನ ಮೈ ಕೆತ್ತಿದ. “ನನ್ನ ಸೀರಿಗೆ ಧೂಳು ಹತ್ತಿದ್ರೂ ಅಡ್ಡಿ ಇಲ್ಲ, ನಿನ್ನ ಹಾಡಿಗೆ ಹತ್ತಬಾರದು!” ಎಂದು ಆಕೆ ಅಂದದ್ದು ಇನ್ನೂ ನೆನಪಿದೆ. ಬಾಗಿಲಾಗಿ ಬಾಯಿ ಮುಚ್ಚಿಕೊಂಡು ನಿಂತದ್ದು ಸಾಕು, ಇನ್ನು ಯಾರು ಹೇಳಿದರೂ ಸುಮ್ಮನಿರುವುದಿಲ್ಲ ಎಂದು ನಾನು ಅಂದೇ ಹಟ ತೊಟ್ಟೆ.

ನನ್ನ ತಂತಿಗಳ ಕೆಳಗೆ ಎರಡು ಪಿಕಪ್‌ಗಳಿವೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅವುಗಳ ಕೆಲಸ. ಕತ್ತಿನ ಹತ್ತಿರದ್ದು ತುಂಬುಕಂಠದ್ದು, ಹಿಂದಿನದು ಚೂಪುದನಿಯದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಒಂದು ಸ್ವಿಚ್ಚು.

ಬೆರಳು ಮರಗಟ್ಟಿದ ಮೇಲೆ ಸಿಪ್ರಿಯನ್ ನನ್ನನ್ನು ತನ್ನ ಶಿಷ್ಯೆ ನೀಲಾಂಬಿಕಾಳ ಕೈಗಿಟ್ಟ. ಆಕೆ ವಿಠೋಬ ಮಾಸ್ತರರ ಆರ್ಕೆಸ್ಟ್ರಾದಲ್ಲಿ ಮದುವೆ ಮನೆಗಳಲ್ಲಿ ನನ್ನನ್ನು ನುಡಿಸಿದಳು. ಹಾಡಿನ ನಡುವೆ ಗಿಟಾರಿನ ಸರದಿ ಬಂದಾಗ ಹಿಂದಿನ ಪಿಕಪ್ಪಿಗೆ ಸ್ವಿಚ್ಚು ಹಾಕಿ ಮುಂದೆ ಬರುವಳು. ಜನ ತಿನ್ನುವುದನ್ನು ಬಿಟ್ಟು ತಲೆ ಎತ್ತುತ್ತಿದ್ದರು.

ಒಂದು ಸಂಜೆ ಆಕೆ ಸ್ವಿಚ್ಚು ಹಾಕಿದಾಗ ನನ್ನ ದನಿ ನೆಲಕ್ಕಿಳಿಯಿತು. ಬೆರಳು ಓಡುತ್ತಿತ್ತು, ಕೇಳಿಸುತ್ತಿದ್ದುದು ಢೋಲಕ್ ಮಾತ್ರ.

“ಯಾಕವಾ, ನಿನ್ನ ಗಿಟಾರಿಗೆ ನೆಗಡಿ ಬಂದೈತೇನು?” ಎಂದರು ಮಾಸ್ತರರು ಮೈಕಿನಲ್ಲೇ. ಪೆಂಡಾಲು ನಕ್ಕಿತು. ಕೆಳಗಿಳಿದ ಮೇಲೆ ನಗು ಇರಲಿಲ್ಲ. “ಕೀಬೋರ್ಡಿನ್ಯಾಗ ಗಿಟಾರ್ ಐತಿ, ಬಟನ್ ಒತ್ತಿದ್ರ ಮುಗೀತು. ಮುಂದಿನ ಲಗ್ನದಾಗ ನೀ ಹಿಂದ ನಿಂತು ಕೋರಸ್ ಹಾಡು.”

“ಮುಂದಿನ ಲಗ್ನದಾಗ ನಾ ಬಾರಿಸೂದ ಬಾರಿಸೂದು,” ಎಂದಳು ನೀಲಾಂಬಿಕಾ. “ಕೇಳಸ್ಲಿಲ್ಲ ಅಂದ್ರ ನಾನ ಸ್ಟೇಜ್ ಇಳೀತೀನಿ.”

ಮನೆಗೆ ಬಂದು ಮೊದಲು ಕೇಬಲ್ ಬದಲಿಸಿದಳು. ಅದೇ ಪಿಸುದನಿ. ಪರಿಚಯದವರ ಆಂಪ್ಲಿಫಯರಿಗೆ ಹಚ್ಚಿ ನೋಡಿದಳು. ಅಲ್ಲಿಯೂ ಅದೇ. ವಾದ್ಯ ರಿಪೇರಿ ಅಂಗಡಿಯವ ಹಿಂದಿನ ಪಿಕಪ್ ಸತ್ತಿದೆ, ಕಿತ್ತು ಹೊಸದು ಹಾಕಬೇಕು ಎಂದ. ಆಕೆ ಒಪ್ಪಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಎರಡೂ ಪಿಕಪ್‌ಗಳ ನೆತ್ತಿ ಮುಟ್ಟಿದಳು. ಸ್ಪೀಕರಿನಲ್ಲಿ ಎರಡೂ ಒಂದೇ ಜೋರಿನಲ್ಲಿ ‘ಟಪ್’ ಎಂದವು.

“ಸತ್ತಿಲ್ಲ ಇದು!” ಎಂದು ಆಕೆ ಕೂಗಿದಾಗ ನನಗೆ ಬಂದ ಧೈರ್ಯ ಅಷ್ಟಿಷ್ಟಲ್ಲ.

ನನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದಳು. ಹಿಂದಿನ ಪಿಕಪ್ ತಂತಿಗಳಿಂದ ದೂರ, ಗುಂಡಿಯೊಳಗೆ ಕುಸಿದು ಕೂತಿತ್ತು. ಏರಿಸುವ ಸ್ಕ್ರೂ ತಿರುಗಿಸಿದರೂ ಮೇಲೆ ಬರಲಿಲ್ಲ. ಬಿಚ್ಚಿದಾಗ ಅದನ್ನು ಎತ್ತಿ ಹಿಡಿಯುವ ಸ್ಪ್ರಿಂಗುಗಳು ತುಕ್ಕು ಹಿಡಿದು ಪುಡಿಯಾಗಿದ್ದವು. ಸುತ್ತ ಕೆಂಪು ಕೆಸರು.

“ಯವ್ವಾ, ಆಯುಧ ಪೂಜೆಗೆ ಇಲ್ಲಿ ಏನ್ ಹಚ್ಚತಿದ್ದಿ?”

“ಅರಿಷಿಣ, ಕುಂಕುಮ. ನೀರಾಗ ಕಲಸಿ,” ಎಂದಳು ತಾಯಿ ಗುರುಸಿದ್ದವ್ವ. “ಹಾಡೂ ಬಾಯಿ ಅದ ಅಲ್ಲೇನು? ಅದಕ್ಕ ಒಂದಿಷ್ಟು ಜಾಸ್ತಿ.”

ವರ್ಷ ವರ್ಷವೂ ಜಾಸ್ತಿ ಪೂಜೆ ಪಡೆದ ಬಾಯಿಯೇ ಕಟ್ಟಿತ್ತು! ನೀಲಾಂಬಿಕಾ ನಕ್ಕು ನಕ್ಕು ನೆಲಕ್ಕೆ ಕೂತಳು. ಸೈಕಲ್ಲಿನ ವಾಲ್‌ಟ್ಯೂಬ್ ಎಂಬ ಸಣ್ಣ ರಬ್ಬರ್ ನಳಿಗೆಯನ್ನು ತುಂಡರಿಸಿ ಸ್ಪ್ರಿಂಗಿನ ಜಾಗಕ್ಕೆ ತೂರಿಸಿದಳು. ಪಿಕಪ್ ಮೇಲೆದ್ದಿತು. ಆಸೆಗೆ ಬಿದ್ದು ಇನ್ನೂ ಏರಿಸಿದಾಗ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಸೊಟ್ಟಗಾಯಿತು. ಹಾಗಾಗಿ ಅದನ್ನು ಒಂದಿಷ್ಟು ಇಳಿಸಿ, ಕತ್ತಿನ ಹತ್ತಿರದ ಪಿಕಪ್ಪನ್ನೂ ತಗ್ಗಿಸಿದಳು. ಕತ್ತಿನ ಬಳಿ ತಂತಿ ಹೆಚ್ಚು ಓಲಾಡುತ್ತದೆ, ಅಲ್ಲಿರುವವನಿಗೆ ಜೋರು ಪುಕ್ಕಟೆ. ತಗ್ಗಬೇಕಾದವನು ಅವನೇ.

ಮುಂದಿನ ಮದುವೆಯಲ್ಲಿ ಆಕೆ ಸ್ವಿಚ್ಚು ಹಾಕಿ ಮುಂದೆ ಬಂದಳು. ನಾನು ಬಾಯಿ ತುಂಬ ಕೂಗಿದೆ.

“ಸ್ವಲ್ಪ ಕಡಿಮಿ ಮಾಡವಾ, ಬಾಳ ಜೋರಾತು,” ಎಂದರು ಮಾಸ್ತರರು.

“ಆಗ ಕೇಳಸ್ವಲ್ದು ಅಂದ್ರಿ, ಈಗ ಜೋರಂತೀರಿ. ನಿಮ್ಮ ಕಿವಿ ಸ್ಕ್ರೂ ಎಲ್ಲೈತ್ರೀ ಮಾಸ್ತರ?”

ಈ ಸಲ ನಗು ಅವರ ಮೇಲೆ. ಅವರು ಮತ್ತೆ ಆಕೆಯನ್ನು ಕರೆಯಲಿಲ್ಲ. ಆಕೆ ತನ್ನದೇ ತಂಡ ಕಟ್ಟಿದಳು.

ಈಗ ನಾನು ಅವಳ ಮನೆಯ ಗೋಡೆಯ ಮೊಳೆಗೆ ತೂಗುತ್ತಿದ್ದೇನೆ. ಬಣ್ಣ ಹೋಗಿದೆ, ಬೆರಳೊತ್ತುವ ಪಟ್ಟಿಗಳು ಸವೆದಿವೆ. ಹಬ್ಬಕ್ಕೆ ಕುಂಕುಮ ಇನ್ನೂ ಬರುತ್ತದೆ, ಆದರೆ ಬೆನ್ನಿನ ಕಟ್ಟಿಗೆಗೆ. ಕಿತ್ತು ಹೊಸದು ಹಾಕಿ ಎಂದವನ ಅಂಗಡಿ ಮುಚ್ಚಿತು. ನನ್ನ ಹಿಂದಿನ ಪಿಕಪ್ ಅದೇ ಹಳೆಯದು.

ಹೋದದ್ದು ಎಮಿಲಿಯಮ್ಮನ ಕಪಾಟಿನ ಬಾಗಿಲು, ಮಾಸ್ತರರ ಸ್ನೇಹ. ಸಿಕ್ಕಿದ್ದು, ನೀಲಾಂಬಿಕಾಳಿಗೆ ಸ್ಟೇಜಿನ ಮುಂದಿನ ಜಾಗ.