ನನಗೆ ಮಾತ್ರ ವಿಮೆ ಇತ್ತು

ನಾನು ಒಂದು ಡ್ರೈಕ್ಲೀನಿಂಗ್ ಮಿಷನ್. ಎತ್ತರದಲ್ಲಿ ಒಬ್ಬ ಆಳಿನಷ್ಟು, ಹೊಟ್ಟೆಯಲ್ಲಿ ಮೂರು ಆಳಿನಷ್ಟು ಇದ್ದೇನೆ. ಮುಖ ಎನ್ನುವುದು ಏನಾದರೂ ಇದ್ದರೆ ಅದು ನನ್ನ ದುಂಡನೆಯ ಗಾಜಿನ ಬಾಗಿಲು. ಲೋಕವನ್ನೆಲ್ಲ ನಾನು ನೋಡಿದ್ದು ಅದರ ಮೂಲಕವೇ.

ಹುಟ್ಟಿದ್ದು ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ. ಹುಟ್ಟಿದ ದಿನವೇ ಒಂದು ಹಳೇ ಚಾದರವನ್ನು ಹೊಟ್ಟೆಗೆ ತುರುಕಿ ಗಿರ್ರನೆ ತಿರುಗಿಸಿ ನೋಡಿದರು. ಎಡಕ್ಕೆ ಸ್ವಲ್ಪ ಕುಲುಕುತ್ತದೆ ಎಂದು ಒಬ್ಬ ಹೇಳಿದ. ನಡೆಯುತ್ತೆ ಬಿಡು ಎಂದು ಇನ್ನೊಬ್ಬ ನನ್ನ ಬೆನ್ನ ಮೇಲೆ ಬಡಿದ. ಹೀಗೆ ನಾನು ಪಾಸಾದೆ. ನನಗೆ ನೀರು ಆಗುವುದಿಲ್ಲ. ಘಾಟು ವಾಸನೆಯ ಒಂದು ದ್ರಾವಣದಲ್ಲಿ ಬಟ್ಟೆಯನ್ನು ತಿರುವಿ, ಕೊಳೆ ಬಿಡಿಸಿ, ಒಣಗಿಸಿ ಕೊಡುವುದು ನನ್ನ ಕಸುಬು. ರೇಷ್ಮೆ, ಉಣ್ಣೆ, ಜರಿ ಎಂದರೆ ನನಗೆ ಪ್ರಾಣ. ಗೋಣಿಯಂಥ ಬಟ್ಟೆ ಬಂದರೆ ಮೂಗು ಮುರಿಯುತ್ತೇನೆ, ಆದರೂ ತಿರುಗುತ್ತೇನೆ.

ಮೊದಲು ನನ್ನನ್ನು ಕೊಂಡದ್ದು ಮೈಸೂರಿನ ಒಂದು ದೊಡ್ಡ ಹೋಟೆಲು. ಅಲ್ಲಿ ನೆಲಮಾಳಿಗೆಯಲ್ಲಿ ನಿಲ್ಲಿಸಿದರು. ಮೇಲೆ ಮದುವೆ, ಸಂಗೀತ, ಊಟ, ಕೆಳಗೆ ನಾನು ಮತ್ತು ಒಂದು ಮಂಕು ಬಲ್ಬು. ಬಟ್ಟೆಗಳು ಒಂದು ಕೊಳವೆಯಿಂದ ದೊಪ್ಪನೆ ಬುಟ್ಟಿಗೆ ಬೀಳುತ್ತಿದ್ದವು. ಯಾರ ಕೋಟು, ಯಾರ ಸೀರೆ, ಯಾರ ಕೊರಳಿನ ಅತ್ತರು ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಮೈ ತುಂಬ ಕೆಲಸವಿತ್ತು, ಆದರೂ ಅಷ್ಟು ಒಂಟಿಯಾಗಿ ನಾನು ಆ ಮೊದಲು ಇದ್ದದ್ದಿಲ್ಲ. ಹೋಟೆಲು ಕೈ ಬದಲಾದಾಗ ಹೊಸ ಯಜಮಾನರು ಹೊಸ ಮಿಷನ್ ತರಿಸಿದರು. ನನ್ನನ್ನು ಹರಾಜಿಗೆ ಇಟ್ಟರು.

ಹರಾಜಿನಲ್ಲಿ ನನ್ನನ್ನು ಕೂಗಿಕೊಂಡವನು ದಾವಣಗೆರೆಯ ಹಾಲೇಶಪ್ಪ. ಸಣಕಲು ಮನುಷ್ಯ, ಮಡಿಸಿದ ಅಂಗಿ ತೋಳು, ಕಾಲಿಗೆ ರಬ್ಬರ್ ಚಪ್ಪಲಿ. ಲಾರಿಯಲ್ಲಿ ಹಗ್ಗ ಕಟ್ಟಿ ನನ್ನನ್ನು ಊರಿಗೆ ತಂದ. ಅಂಗಡಿಯ ಬಾಗಿಲಿಗೆ ನಾನು ಹಿಡಿಸದೆ, ಚೌಕಟ್ಟು ಕಿತ್ತು ಒಳಗೆ ನೂಕಬೇಕಾಯಿತು. ಅವನ ಹೆಂಡತಿ ಕೊಟ್ರಮ್ಮ ನನಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, "ಇಷ್ಟು ದೊಡ್ಡ ಹೊಟ್ಟಿ! ಇದಕ್ಕೆ ದಿನಾ ಎಲ್ಲಿಂದ ತಂದು ತುಂಬಾದು?" ಎಂದಳು. ಗಂಡ ನಕ್ಕ. ನೆಲಮಾಳಿಗೆಯಿಂದ ಬಂದ ನನಗೆ ಆ ಬೈಗುಳವೂ ಹಿತವಾಗಿತ್ತು.

ಅಂಗಡಿ ಸಣ್ಣದು. ಮುಂದೆ ಕಟ್ಟೆ, ಅದರ ಹಿಂದೆ ಇಸ್ತ್ರಿ ಮಾಡುವ ಮೇಜು, ಮೇಲೆ ಸಾಲಾಗಿ ಹ್ಯಾಂಗರುಗಳಲ್ಲಿ ತೂಗುವ ಸೀರೆ, ಕೋಟು, ಜುಬ್ಬ. ನಾನು ಹಿಂಭಾಗದ ಗೋಡೆಗೆ ಆನಿಕೊಂಡಿದ್ದೆ. ನನ್ನ ಗಾಜಿನಿಂದ ರಸ್ತೆಯವರೆಗೂ ಕಾಣುತ್ತಿತ್ತು. ಬಟ್ಟೆ ತಂದವರ ಮುಖ ನೋಡಿದ ಮೇಲೆ ಅವರ ಬಟ್ಟೆ ನನ್ನ ಹೊಟ್ಟೆಗೆ ಬರುತ್ತಿತ್ತು. ಆ ಸುಖ ನನಗೆ ಮೈಸೂರಿನಲ್ಲಿ ಇರಲಿಲ್ಲ.

ಹಾಲೇಶಪ್ಪನ ಅಪ್ಪ ಊರ ಬಟ್ಟೆ ಒಗೆದು ಬದುಕಿದವರು. ಅವರು ಮಗನಿಗೆ ಒಂದೇ ಒಂದು ಕಟ್ಟಳೆ ಕಲಿಸಿದ್ದರಂತೆ: ಮಂದಿಯ ಬಟ್ಟೆಗೆ ಬೆಲೆ ಕಟ್ಟಬಾರದು. ಬೆಲೆ ಕಟ್ಟಿದರೆ ಅದರ ಮೇಲೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದರೆ ಕೈ ಹೋಗುತ್ತದೆ. ಹಾಲೇಶಪ್ಪ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಕೊಟ್ರಮ್ಮ ಎಂದಾದರೂ ಒಂದು ಸೀರೆಯ ಅಂಚು ಹಿಡಿದು, "ಇದು ಎಷ್ಟಿರಬಹುದ್ರಿ?" ಎಂದರೆ ಸಾಕು, "ಏ, ನಮ್ಮದಲ್ಲ ಅದು. ಬಿಡು" ಎಂದು ಗದರುತ್ತಿದ್ದ. ಆಕೆ ಬೇಕೆಂದೇ ಮತ್ತೆ ಮತ್ತೆ ಕೇಳಿ ಅವನನ್ನು ರೇಗಿಸುತ್ತಿದ್ದಳು.

ವರ್ಷಕ್ಕೊಮ್ಮೆ ವಿಮೆ ಏಜೆಂಟ್ ಗುರುಪಾದಯ್ಯ ಸ್ಕೂಟರಿನಲ್ಲಿ ಬರುತ್ತಿದ್ದರು. ಬೆಂಕಿ, ಕಳ್ಳತನ, ನೆರೆ ಎಲ್ಲಕ್ಕೂ ಸೇರಿ ಅಂಗಡಿಗೆ ಒಂದು ಪಾಲಿಸಿ. ಅವರು ಬಂದಾಗ ನನಗೆ ಒಂಥರಾ ಸಂಭ್ರಮ, ಒಂಥರಾ ಅವಮಾನ. ಏಕೆಂದರೆ ನನ್ನ ಬೆಲೆಯನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು, ಮತ್ತು ಆ ಬೆಲೆ ವರ್ಷ ವರ್ಷ ಇಳಿಯುತ್ತಿತ್ತು. ಕೆಲಸ ಅಷ್ಟೇ ಮಾಡುತ್ತಿದ್ದೆ, ಬೆಲೆ ಮಾತ್ರ ಕಮ್ಮಿ. ವಯಸ್ಸಾಯಿತಲ್ಲ ಎನ್ನುವುದನ್ನು ವಿಮೆಯವರು ಹಾಗೆ ಹೇಳುತ್ತಾರೆ.

"ಮಿಷನ್ ಆತು, ಮೇಜು ಕಪಾಟು ಆತು" ಎಂದು ಗುರುಪಾದಯ್ಯ ಪೆನ್ನು ಮೇಲೆತ್ತುತ್ತಿದ್ದರು. "ಗಿರಾಕಿ ಬಟ್ಟೆಗೆ ಬೇರೆ ಕಲಂ ಐತೆ ಹಾಲೇಶಪ್ಪ. ಅಂಗಡ್ಯಾಗೆ ಒಟ್ಟು ಎಷ್ಟು ಬೆಲೆ ಬಟ್ಟೆ ಇರ್ತಾವೆ ಅಂತ ಒಂದು ಅಂದಾಜು ಹೇಳು, ಸೇರಿಸಿಬಿಡ್ತೀನಿ."

"ಅವು ನಮ್ಮವಲ್ರಿ. ಮಂದಿ ವಸ್ತುವಿಗೆ ನಾನ್ಯಾಕೆ ಬೆಲೆ ಕಟ್ಟಲಿ? ಅದು ಸುಟ್ಟರೆ ನಾನು ದುಡ್ಡು ಎಣಿಸಿಕೊಳ್ಳೋದಾ?"

"ನಿನಗಲ್ಲಪ್ಪ, ಅವರಿಗೆ ಕೊಡಾಕೆ."

"ಬ್ಯಾಡ ಬಿಡ್ರಿ. ಚಾ ಕುಡೀರಿ."

ಗುರುಪಾದಯ್ಯ ಚಹಾ ಕುಡಿದು ಹೋಗುತ್ತಿದ್ದರು. ಕೇಳುವುದನ್ನು ಅವರು ಒಂದು ವರ್ಷವೂ ಬಿಟ್ಟವರಲ್ಲ. ಕೈ ಮುಗಿಯುವುದನ್ನು ಇವನೂ ಬಿಡಲಿಲ್ಲ. ಅಲ್ಲಿಗೆ, ಆ ಅಂಗಡಿಯಲ್ಲಿ ವಿಮೆ ಇದ್ದದ್ದು ನನಗೆ, ಮೇಜಿಗೆ, ಕಪಾಟಿಗೆ. ನಮ್ಮ ತಲೆಯ ಮೇಲೆ ತೂಗುತ್ತಿದ್ದ ರೇಷ್ಮೆಗೆ ಏನೂ ಇರಲಿಲ್ಲ.

ಗಿರಾಕಿಗಳಲ್ಲಿ ಸರ್ವಮಂಗಳಮ್ಮ ಎಂಬವರಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ಒಬ್ಬರೇ ಇದ್ದರು. ಬೀಳ್ಕೊಡುಗೆಯ ದಿನ ಜೊತೆಯವರು ಹೊದಿಸಿದ ಒಂದು ಸನ್ಮಾನದ ಶಾಲನ್ನು ಆಗಾಗ ಡ್ರೈಕ್ಲೀನಿಂಗಿಗೆ ತರುತ್ತಿದ್ದರು. ಸಭೆಗಳ ಸನ್ಮಾನಕ್ಕೆಂದು ಗಂಟುಗಟ್ಟಲೆ ಕೊಳ್ಳುತ್ತಾರಲ್ಲ, ಅಂಥದ್ದೇ ಶಾಲು. ಅದನ್ನು ತೊಳೆಸಿದ ಕೂಲಿಯಲ್ಲಿ ಅಂಥ ಎಷ್ಟೋ ಶಾಲುಗಳು ಬರುತ್ತಿದ್ದವು. ಕೊಡಲು ಒಮ್ಮೆ, ಒಯ್ಯಲು ಒಮ್ಮೆ ಬಂದು, ಕಟ್ಟೆಯ ಮೇಲೆ ಮೊಣಕೈ ಊರಿ ನಿಂತು, ಟ್ರಂಕ್ ಕಾಲ್ ಕಾಲದ ಸುದ್ದಿಗಳನ್ನೆಲ್ಲ ಕೊಟ್ರಮ್ಮನಿಗೆ ಹೇಳುತ್ತಿದ್ದರು. ಅವರ ದನಿ ಸಣ್ಣದು, ಸ್ಪಷ್ಟ. ಎಷ್ಟೋ ಜನರನ್ನು ಒಬ್ಬರಿಗೊಬ್ಬರು ಸೇರಿಸಿದ ದನಿ. ನಾನು ತಿರುಗುತ್ತಿಲ್ಲದಿದ್ದರೆ ಅದನ್ನೇ ಕೇಳುತ್ತ ನಿಂತಿರುತ್ತಿದ್ದೆ.

ಆಮೇಲೆ ಬೆಂಕಿ ಬಿತ್ತು.

ವಾರದ ರಜೆಯ ಮಧ್ಯಾಹ್ನ. ಓಣಿಯಲ್ಲಿ ಎಲ್ಲ ಅಂಗಡಿಗಳೂ ಮುಚ್ಚಿದ್ದವು. ಪಕ್ಕದ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ವೈರು ಸುಟ್ಟು ಹತ್ತಿಕೊಂಡ ಬೆಂಕಿ, ನಡುವಿನ ಹಲಗೆ ಗೋಡೆ ದಾಟಿ ನಮ್ಮಲ್ಲಿಗೆ ಬಂತು. ಮೊದಲು ಹೊಗೆ, ಆಮೇಲೆ ಹ್ಯಾಂಗರಿನ ಸಾಲು. ನನ್ನ ದ್ರಾವಣ ಬೆಂಕಿ ಹತ್ತುವ ಜಾತಿಯದಲ್ಲ, ಮೈ ಕಬ್ಬಿಣದ್ದು. ನಾನು ಕಾದೆನೇ ಹೊರತು ಉರಿಯಲಿಲ್ಲ. ಎದುರಿಗೆ ಒಂದೊಂದೇ ಸೀರೆ ಸುರುಟಿ ಉದುರುವುದನ್ನು ನೋಡುತ್ತ ನಿಂತೆ. ನನ್ನ ಹೊಟ್ಟೆ ಖಾಲಿಯಾಗಿತ್ತು, ಬಾಗಿಲು ಮುಚ್ಚಿತ್ತು. ಯಾರಾದರೂ ಇದ್ದಿದ್ದರೆ ಅದರಲ್ಲಿ ಎಷ್ಟೊಂದು ಬಟ್ಟೆ ತುಂಬಬಹುದಿತ್ತು. ಯಾರೂ ಇರಲಿಲ್ಲ. ನನಗೆ ಅಳು ಬರುವ ವ್ಯವಸ್ಥೆ ಇಲ್ಲ, ಇದ್ದಿದ್ದರೆ ಆ ದಿನ ಅಳುತ್ತಿದ್ದೆ.

ಫೈರ್ ಇಂಜಿನ್ ಬಂದು ನೀರು ಹೊಡೆದು ಹೋಯಿತು. ಹಾಲೇಶಪ್ಪ ಬೂದಿಯ ನಡುವೆ ನಿಂತು ಜರಿಯ ಒಂದು ತುಣುಕನ್ನು ಎತ್ತಿ ನೋಡಿದ. ಅದು ಯಾರದೆಂದು ಅವನಿಗೆ ಗೊತ್ತಾಯಿತು. ಕೆಳಗಿಟ್ಟ.

ಕೆಲವು ದಿನಗಳ ಮೇಲೆ ವಿಮೆ ಕಂಪನಿಯ ಸರ್ವೇಯರ್ ಬಂದರು. ಕರ್ಚೀಫು ಮೂಗಿಗೆ ಹಿಡಿದು ನನ್ನ ಬಾಗಿಲು ತೆಗೆದರು, ಮೋಟಾರು ಮುಟ್ಟಿದರು, ಸುಟ್ಟ ಕೊಳವೆಗಳನ್ನು ನೋಡಿದರು. "ಮಿಷನ್ನಿಗೆ ಸಿಗುತ್ತೆ. ಫರ್ನಿಚರಿಗೂ ಸಿಗುತ್ತೆ" ಎಂದರು. ಆಮೇಲೆ ತಲೆಯೆತ್ತಿ ಸೊಟ್ಟಗಾದ ಹ್ಯಾಂಗರುಗಳನ್ನು ನೋಡಿದರು. "ಇಲ್ಲಿದ್ದ ಬಟ್ಟೆ?"

"ಗಿರಾಕಿಗಳವು ಸಾರ್."

"ಪಾಲಿಸಿಯಲ್ಲಿ ಇಲ್ವಲ್ಲ."

"ಇಲ್ಲ ಸಾರ್. ಅವು ನಮ್ಮವಲ್ಲ."

ಸರ್ವೇಯರ್ ಬರೆಯುವುದನ್ನು ನಿಲ್ಲಿಸಿದರು. "ನಿಮ್ಮವಲ್ಲ ಅಂತಲೇ ಕಣ್ರೀ ಅದಕ್ಕೆ ಬೇರೆ ಕಲಂ ಇಟ್ಟಿರೋದು" ಎಂದರು. ಬೈಗುಳದ ದನಿಯಲ್ಲ, ಅಯ್ಯೋ ಎನ್ನುವ ದನಿ. ಹಾಲೇಶಪ್ಪ ತಲೆ ತಗ್ಗಿಸಿದ. ಅಪ್ಪನ ಕಟ್ಟಳೆ ತಪ್ಪೆಂದು ಅವನಿಗೆ ಆಗಲೂ ಅನ್ನಿಸಲಿಲ್ಲ. ಅದರಿಂದ ಆದದ್ದು ಮಾತ್ರ ಕಣ್ಣ ಮುಂದೆ ಬಿದ್ದಿತ್ತು.

ನನ್ನ ಹೆಸರಿಗೆ ಹಣ ಬಂತು. ಅದರಲ್ಲಿ ನನ್ನನ್ನು ರಿಪೇರಿ ಮಾಡಿಸಬಹುದಿತ್ತು. ಕೊಟ್ರಮ್ಮ ಅದನ್ನೇ ಹೇಳಿದಳು, ಮಸಿ ಹಿಡಿದ ಕಟ್ಟೆಯ ಮೇಲೆ ಕುಳಿತು, ಅಷ್ಟೂ ದಿನ ತಡೆದಿದ್ದ ಅಳುವಿನ ಜೊತೆ.

"ಮಿಷನ್ ರಿಪೇರಿ ಮಾಡಿಸ್ರಿ. ದುಡಿದು ದುಡಿದು ಒಬ್ಬೊಬ್ಬರದೇ ತೀರ್ಸಾಣ. ಮಿಷನ್ನೇ ಇಲ್ಲ ಅಂದ್ರೆ ನಾಳೆ ಏನು ತಿನ್ನಾದು?"

"ಮಂದಿ ಬಾಗಿಲಿಗೆ ಬಂದು ನಿಂತಾರೆ ಕೊಟ್ರಿ. ನನ್ನ ಕೈಗೆ ನಂಬಿ ಕೊಟ್ಟಿದ್ದು. ಅವರ ಮುಂದೆ ಮಿಷನ್ ತಿರುಗಿಸ್ಕೊಂತ ಹೆಂಗೆ ನಿಂತ್ಕಳ್ಳಿ?"

"ಅವರೇನು ಓಡಿ ಹೋಗ್ತಾರಾ?"

"ನಾನು ಓಡಿ ಹೋದೆ ಅನ್ನಬಾರದು."

ಅವನಿಗೆ ಬೇಕಾಗಿದ್ದು ಅಷ್ಟೇ. ಓಣಿಯಲ್ಲಿ ತಲೆಯೆತ್ತಿ ನಡೆಯುವುದು, ಎದುರಾದವರಿಗೆ ಮುಖ ಕೊಟ್ಟು ಮಾತಾಡುವುದು. ಅದಕ್ಕಾಗಿ ಅವನು ನನ್ನನ್ನು ಬಿಟ್ಟುಕೊಟ್ಟ. ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಆಮೇಲೆ ಅವನ ಮುಖ ನೋಡಿ ಇಳಿಯಿತು.

ಗಿರಾಕಿಗಳು ಬಂದರು. ಬಟ್ಟೆಯ ಬೆಲೆಯನ್ನು ಅವರೇ ಹೇಳಬೇಕು, ಇವನು ಕೊಡಬೇಕು. ಕೆಲವರು ಇದ್ದದ್ದನ್ನು ಹೇಳಿದರು, ಕೆಲವರು ಒಂದಕ್ಕೆರಡು ಹೇಳಿದರು. "ಆ ಸೀರೆಗೆ ಅಷ್ಟಾಗ್ತೈತಾ? ಅದಕ್ಕೆ ರಫೂ ಹಾಕ್ಸಿದ್ದು ನಾನೇ ಅಲ್ಲೇನ್ರಿ!" ಎಂದು ಕೊಟ್ರಮ್ಮ ಪಿಸುಗುಟ್ಟಿದರೆ, "ಸುಮ್ನಿರು" ಎನ್ನುತ್ತಿದ್ದ. ಮಂದಿಯ ಬಟ್ಟೆಗೆ ಬೆಲೆ ಕಟ್ಟದವನು ಅವರು ಕಟ್ಟಿದ ಬೆಲೆಯನ್ನು ಅಲ್ಲಗಳೆಯುವುದಾದರೂ ಹೇಗೆ? ನನ್ನ ಹಣ ಹೀಗೆ ಕರಗಿತು. ಹಣ ಪಡೆದವರು, "ಪಾಪ, ನಿಮ್ಮ ತಪ್ಪಲ್ಲ ಬಿಡ್ರಿ" ಎಂದು ಸಮಾಧಾನ ಹೇಳಿ ಹೋದರು. ಹೋದವರು ಮತ್ತೆ ಬರಲಿಲ್ಲ. ದೊಡ್ಡ ರಸ್ತೆಯಲ್ಲಿ ಹೊಸ ಡ್ರೈಕ್ಲೀನಿಂಗ್ ಅಂಗಡಿ ತೆರೆದಿತ್ತು. ಬಾಗಿಲಲ್ಲಿ ನಿಂತರೆ, ಅವರು ಬಟ್ಟೆಯ ಚೀಲ ಹಿಡಿದು ಅತ್ತ ಹೋಗುವುದು ಇವನಿಗೆ ಕಾಣುತ್ತಿತ್ತು. ನಮಸ್ಕಾರ ಮಾಡಿದರೆ ಅವರೂ ಮಾಡುತ್ತಿದ್ದರು.

ಕೊನೆಗೆ ಉಳಿದವರು, ಶಾಲು ಸುಟ್ಟುಹೋಗಿದ್ದ ಸರ್ವಮಂಗಳಮ್ಮ ಒಬ್ಬರೇ. ಎಲ್ಲರಿಗೂ ಕೊಟ್ಟು ಮುಗಿಯುವ ಹೊತ್ತಿಗೆ ವಿಮೆಯ ಹಣ ಮುಗಿದಿತ್ತು. ಆಗ ಹಾಲೇಶಪ್ಪ ನನ್ನನ್ನು ಗುಜರಿಗೆ ಮಾರಿದ. ಟೆಂಪೋ ಬಂದ ದಿನವೇ ಸರ್ವಮಂಗಳಮ್ಮನಿಗೂ ಹೇಳಿಕಳಿಸಿದ. ಗುಜರಿಯವರು ಮತ್ತೆ ಚೌಕಟ್ಟು ಕಿತ್ತು ನನ್ನನ್ನು ಹೊರಗೆಳೆದು ಹಲಗೆಯ ಮೇಲೆ ಉರುಳಿಸುತ್ತಿದ್ದಾಗ ಅವರು ಕೊಡೆ ಊರಿಕೊಂಡು ಬಂದರು. ಕೈಯಲ್ಲಿ ಚೀಲವಿರಲಿಲ್ಲ. ಚೀಲವಿಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು.

"ಮೇಡಮ್ಮೋರೆ, ನಿಮ್ಮದೊಂದು ಉಳಿದೈತೆ. ಶಾಲಿಗೆ ಎಷ್ಟು ಅಂತ ಹೇಳಿಬಿಡ್ರಿ" ಎಂದು ಹಾಲೇಶಪ್ಪ ಹಣ ಮುಂದೆ ಹಿಡಿದ.

"ಬೇಡ ಹಾಲೇಶಪ್ಪ."

"ಹಂಗನ್ನಬ್ಯಾಡ್ರಿ. ನಿಮ್ಮದೊಂದು ಕೊಟ್ಟರೆ ನಾನು ಹಗುರ ಆಗ್ತೀನಿ. ಎಷ್ಟಾದ್ರೂ ಹೇಳ್ರಿ."

ಸರ್ವಮಂಗಳಮ್ಮ ಮಸಿ ಹಿಡಿದ ಕಟ್ಟೆಯನ್ನು ನೋಡಿದರು. ಅಲ್ಲಿ ಮೊಣಕೈ ಊರಲು ಹೋಗಿ, ಕೈ ಹಿಂದೆಗೆದುಕೊಂಡರು.

"ಆ ಶಾಲು ಒಂದು ದಿನಾನೂ ಕೊಳೆ ಆಗಿರಲಿಲ್ಲ. ನಾನು ಅದನ್ನ ಹೊದೆಯೋದೇ ಇಲ್ಲ" ಎಂದರು. "ಅದೊಂದು ಇತ್ತು ಅಂತ ಇಲ್ಲಿಗೆ ಬರ್ತಿದ್ದೆ. ನೀವು ದುಡ್ಡು ಕೊಟ್ಟು ಮುಗಿಸಿಬಿಟ್ಟರೆ ಇನ್ನು ಯಾವ ನೆಪದ ಮೇಲೆ ಬರಲಿ?"

ಹೊದೆಯದ ಶಾಲೆಂದು ನನಗೆ ಗೊತ್ತಿತ್ತು. ನನ್ನ ಹೊಟ್ಟೆಯಲ್ಲಿ ತಿರುಗಿದ ಬಟ್ಟೆ ಮೈ ಕಂಡಿದೆಯೋ ಇಲ್ಲವೋ ಎಂಬುದು ನನಗೆ ಗೊತ್ತಾಗದೆ ಇರುತ್ತದೆಯೆ? ಆದರೆ ಏಕೆ ಎಂದು ನನಗೆ ಹೊಳೆದಿರಲಿಲ್ಲ. ನನ್ನ ಹಾಗೆ ಅವರೂ ಒಂದು ನೆಲಮಾಳಿಗೆಯಲ್ಲಿ ಇದ್ದಾರೆಂದು ತಿಳಿದಿರಲಿಲ್ಲ.

ಕೊಟ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಲೇಶಪ್ಪ ಒಂದು ಹೆಜ್ಜೆ ಮುಂದೆ ಬಂದ.

"ನೆಪ ಯಾಕ್ರಿ ಬೇಕು? ಹಂಗೇ ಬರ್ರಿ."

"ಹಂಗೇ ಬರೋಕೆ ನನಗೆ ಬರೋದಿಲ್ಲ" ಎಂದರು ಸರ್ವಮಂಗಳಮ್ಮ. "ಮತ್ತೆ, ಬರೋದಾದರೂ ಎಲ್ಲಿಗೆ? ಮಿಷನ್ ಹೊರಟಿತಲ್ಲ."

ಆಗಲೇ ಮೂವರೂ ತಿರುಗಿ ನನ್ನನ್ನು ನೋಡಿದರು. ನಾನು ಟೆಂಪೋ ಮೇಲಿದ್ದೆ. ಹಾಲೇಶಪ್ಪ ಹಣ ಹಿಡಿದ ಕೈಯನ್ನು ಇಳಿಸಿರಲಿಲ್ಲ. ಯಾರಿಗೂ ಮುಖ ತಪ್ಪಿಸಬಾರದೆಂದು ನನ್ನನ್ನು ಮಾರಿದವನು ಆಗ ನೆಲ ನೋಡಿದ. ಟೆಂಪೋ ಹೊರಟಿತು. ಓಣಿಯ ತಿರುವಿನವರೆಗೂ ಮೂವರೂ ಹಾಗೆಯೇ ನಿಂತಿದ್ದು ಕಂಡಿತು, ಆಮೇಲೆ ಏನಾಯಿತೋ ನನಗೆ ತಿಳಿಯದು.

ಈಗ ನಾನು ಗುಜರಿ ಅಂಗಳದ ಮೂಲೆಯಲ್ಲಿದ್ದೇನೆ. ಮೋಟಾರನ್ನು ಯಾರೋ ಬಿಚ್ಚಿಕೊಂಡು ಹೋದರು. ಗಾಜಿನ ಬಾಗಿಲು ಇನ್ನೂ ಇದೆ, ಆದರೆ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ. ಹೊತ್ತು ಹೋಗದಿದ್ದಾಗ ಗುರುಪಾದಯ್ಯ ಓದುತ್ತಿದ್ದ ಆ ಪಾಲಿಸಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಬೆಂಕಿ ಬಿದ್ದರೆ ಇಷ್ಟು, ಕಳ್ಳರು ನುಗ್ಗಿದರೆ ಇಷ್ಟು, ನೆರೆ ಬಂದರೆ ಇಷ್ಟು. ಮಂದಿಯ ಬಟ್ಟೆಗೂ ಒಂದು ಕಲಂ ಇತ್ತು, ಹಾಲೇಶಪ್ಪ ಒಂದು ಮಾತು ಹೇಳಿದ್ದರೆ ಅದೂ ಸೇರುತ್ತಿತ್ತು. ಬಾಗಿಲಿಗೆ ಯಾರೂ ಬಾರದೆ ಹೋದರೆ ಎಷ್ಟು ಎನ್ನುವುದಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.